ಅರಿಶಿನ, ಉರಿಯೂತ ಮತ್ತು ಹೊಸ ರಕ್ತನಾಳಗಳು

ಇರುವ ರಕ್ತನಾಳದಿಂದ ಹೊಸ ನಾಳ ಕವಲೊಡೆಯುವುದು ದೇಹದ ಸಹಜ ಕ್ರಿಯೆ. ಗರ್ಭದಲ್ಲಿ ಮಗು ಬೆಳೆಯುವಾಗ, ಗಾಯ ಮಾಯುವಾಗ, ಪ್ರತಿ ತಿಂಗಳು ಗರ್ಭಕೋಶದ ಒಳಪದರ ಮರಳಿ ಮೂಡುವಾಗ ಇದು ನಡೆಯುತ್ತದೆ. ಕೆಲಸ ಮುಗಿದ ಮೇಲೆ ನಿಲ್ಲುತ್ತದೆ. ಉಳಿದಂತೆ ವಯಸ್ಕರ ದೇಹದಲ್ಲಿ ಹೊಸ ನಾಳಗಳು ಹುಟ್ಟುವುದು ಅಪರೂಪ. ಉರಿಯೂತ ತಿಂಗಳು, ವರ್ಷಗಟ್ಟಲೆ ಆರದೆ ಉಳಿದರೆ ಈ ಕಟ್ಟುಪಾಡು ಮುರಿಯುತ್ತದೆ.

ಇದಕ್ಕೆ ಸ್ಪಷ್ಟ ನಿದರ್ಶನ ರುಮಟಾಯ್ಡ್ ಸಂಧಿವಾತ. ಆರೋಗ್ಯವಂತರ ಕೀಲಿನ ಒಳಪೊರೆಯ ಮೇಲ್ಪದರ ಒಂದೆರಡು ಜೀವಕೋಶಗಳಷ್ಟೇ ದಪ್ಪ. ರೋಗ ಹಿಡಿದ ಕೀಲಿನಲ್ಲಿ ಅದು ಹಲವು ಪಟ್ಟು ಉಬ್ಬಿ, ಮೃದ್ವಸ್ಥಿ ಮತ್ತು ಮೂಳೆಯ ಮೇಲೆ ಹಬ್ಬಿ ಅವನ್ನು ತಿನ್ನತೊಡಗುತ್ತದೆ. ರಕ್ತನಾಳದಿಂದ ಆಮ್ಲಜನಕ ಅಂಗಾಂಶದೊಳಗೆ ಹರಡಬಲ್ಲದ್ದು ಸುಮಾರು 100ರಿಂದ 200 ಮೈಕ್ರೋಮೀಟರ್ ದೂರ, ಅಂದರೆ ಒಂದೆರಡು ತಲೆಗೂದಲಿನ ದಪ್ಪದಷ್ಟು. ಪೊರೆ ದಪ್ಪವಾದಂತೆ ಒಳಗಿನ ಜೀವಕೋಶಗಳಿಗೆ ಉಸಿರು ಕಟ್ಟುತ್ತದೆ. ಆಗ ಅವು ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸುತ್ತವೆ. ಉರಿಯೂತದ ಸ್ಥಳಕ್ಕೆ ಬಂದು ಸೇರಿದ ಬಿಳಿ ರಕ್ತಕಣಗಳೂ ಅದನ್ನೇ ಸುರಿಸುತ್ತವೆ.

1983ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಪ್ರೋಟೀನನ್ನು ಮೊದಲು ಗುರುತಿಸಿದ್ದು ನಾಳಗಳನ್ನು ಸೋರುವಂತೆ ಮಾಡುವ ವಸ್ತುವಾಗಿ. ನಾಳಗಳನ್ನು ಬೆಳೆಸುವುದೂ ಅದೇ ಎಂಬುದು 1989ರಲ್ಲಿ ತಿಳಿಯಿತು. ಕೀಲಿನಲ್ಲಿ ಈ ಎರಡು ಗುಣಗಳೂ ಒಟ್ಟಿಗೆ ಕೇಡು ಮಾಡುತ್ತವೆ. ವಿಇಜಿಎಫ್ ತಾಗಿದಾಗ ನಾಳದ ಒಳಗೋಡೆಯ ಜೀವಕೋಶಗಳು ತಮ್ಮ ಸುತ್ತಲ ಕಟ್ಟನ್ನು ಕರಗಿಸಿ, ಹೊರಕ್ಕೆ ಸರಿದು, ಸಾಲುಗಟ್ಟಿ ಹೊಸ ಕೊಳವೆಯಾಗುತ್ತವೆ. ಅವಸರದಲ್ಲಿ ಹುಟ್ಟಿದ ಈ ನಾಳಗಳು ಸೋರುತ್ತವೆ, ಹಾಗಾಗಿ ಕೀಲು ಊದಿಕೊಳ್ಳುತ್ತದೆ. ಅವುಗಳ ಮೂಲಕವೇ ಇನ್ನಷ್ಟು ಬಿಳಿ ಕಣಗಳು ಬಂದಿಳಿಯುತ್ತವೆ. ಅವು ಇನ್ನಷ್ಟು ನಾಳಗಳನ್ನು ಬೆಳೆಸುತ್ತವೆ. ಉರಿಯೂತ ತನಗೆ ಬೇಕಾದ ಕಾಲುವೆಯನ್ನು ತಾನೇ ತೋಡಿಕೊಳ್ಳುತ್ತದೆ. ಸೋರಿಯಾಸಿಸ್ ಕಲೆ ಕೆಂಪಾಗಿರುವುದಕ್ಕೂ ಚರ್ಮದಡಿ ಹಿಗ್ಗಿ ಸುರುಳಿಗಟ್ಟಿದ ಲೋಮನಾಳಗಳೇ ಒಂದು ಮುಖ್ಯ ಕಾರಣ.

ಈ ಕಾಲುವೆಗೆ ಕಟ್ಟೆ ಹಾಕಬಲ್ಲ ವಸ್ತುಗಳ ಹುಡುಕಾಟದಲ್ಲಿ ಹಲವು ಸಸ್ಯಗಳ ಹೆಸರು ಬಂದಿವೆ. ಸೋಯಾದ ಜೆನಿಸ್ಟೀನ್ ನಾಳಗಳ ಬೆಳವಣಿಗೆ ತಡೆಯುತ್ತದೆಂದು 1993ರಲ್ಲಿ ವರದಿಯಾಯಿತು. ಹಸಿರು ಚಹಾ ಕುಡಿಸಿದ ಇಲಿಗಳಲ್ಲೂ ಅಂಥದೇ ಪರಿಣಾಮ 1999ರಲ್ಲಿ ಕಂಡುಬಂತು. ಇವೆಲ್ಲಕ್ಕಿಂತ ಹೆಚ್ಚು ಅಧ್ಯಯನವಾಗಿರುವುದು ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್. ಉರಿಯೂತದ ಹತ್ತಾರು ಜೀನುಗಳನ್ನು ಏಕಕಾಲಕ್ಕೆ ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನಿನ ಕೆಲಸಕ್ಕೆ ಅದು ಅಡ್ಡಿಯಾಗುತ್ತದೆ. ಇಲಿಯ ಕಣ್ಣಿನ ಪಾರದರ್ಶಕ ಪಟಲದಲ್ಲಿ ಹೊಸ ನಾಳಗಳು ಬೆಳೆಯುವುದನ್ನು ಅದು ತಡೆಯಿತೆಂದು 1998ರಲ್ಲಿ ಪ್ರಕಟವಾಯಿತು. 2002ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು, ಕರ್ಕ್ಯುಮಿನ್ ವಿಇಜಿಎಫ್ ಉತ್ಪಾದನೆಯನ್ನೇ ತಗ್ಗಿಸುತ್ತದೆಂದು ಕ್ಯಾನ್ಸರ್ ಗಡ್ಡೆಯ ಜೀವಕೋಶಗಳಲ್ಲಿ ತೋರಿಸಿದರು.

ಪ್ರಯೋಗಾಲಯದ ಈ ಫಲಿತಾಂಶಗಳು ನಿಜವಾದವು, ಅಲ್ಲಗಳೆಯುವಂಥವಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ಔಷಧ ಜೀವಕೋಶದ ಮೇಲೇ ಬೀಳುತ್ತದೆ. ನುಂಗಿದ ಔಷಧ ಕರುಳು, ಯಕೃತ್ತುಗಳನ್ನು ದಾಟಿ ಮೊಣಕಾಲು ಮುಟ್ಟಬೇಕು. ಕರ್ಕ್ಯುಮಿನ್ ಸೋಲುವುದು ಇಲ್ಲಿಯೇ. ಅದು ನೀರಿನಲ್ಲಿ ಕರಗದು, ಕರುಳು ಅದನ್ನು ಹೀರಿಕೊಳ್ಳುವುದು ಕಡಿಮೆ, ಹೀರಿದ್ದನ್ನೂ ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದು ಇದೆಯೋ ಇಲ್ಲವೋ ಎಂಬಷ್ಟು. ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಜೊತೆಗೂಡಿಸಿದಾಗ ರಕ್ತಕ್ಕೆ ಸೇರಿದ ಪ್ರಮಾಣ ಶೇ. 2000ರಷ್ಟು ಏರಿತು. ಅಂಕಿ ದೊಡ್ಡದು, ಆದರೆ ಏರಿದ್ದು ತೀರಾ ಕೆಳಗಿನಿಂದ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಆ 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕು. ಮಲಗುವ ಮುನ್ನ ಕುಡಿಯುವ ಅರಿಶಿನದ ಹಾಲಿಗೂ ಆ ಪ್ರಯೋಗದ ಪ್ರಮಾಣಕ್ಕೂ ಇರುವ ಅಂತರ ಇಷ್ಟು.

ಮೊಣಕಾಲಿನ ಸವೆತದ ಸಂಧಿವಾತದಲ್ಲಿ ಕರ್ಕ್ಯುಮಿನ್ ನೋವು ತಗ್ಗಿಸಿತೆಂದು ಕೆಲವು ಸಣ್ಣ ಪ್ರಯೋಗಗಳು ಹೇಳುತ್ತವೆ. ಅವು ಹೆಚ್ಚಾಗಿ ಅಳೆದದ್ದು ನೋವನ್ನು, ನಾಳಗಳನ್ನಲ್ಲ. ನೋವು ತಗ್ಗಿದ ಮಾತ್ರಕ್ಕೆ ಮೂಳೆಯ ಸವೆತ ನಿಂತಿತೆಂದು ತಿಳಿಯುವಂತಿಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಆ ಸವೆತವನ್ನು ತಡೆಯುತ್ತವೆಂದು ಸಾಬೀತಾಗಿರುವುದು ಮೆಥೋಟ್ರೆಕ್ಸೇಟ್, ಉರಿಯೂತ ಕೆರಳಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳಂಥ ಔಷಧಗಳು. ಟಿಎನ್‌ಎಫ್ ತಡೆದಾಗ ರೋಗಿಗಳ ರಕ್ತದಲ್ಲಿ ವಿಇಜಿಎಫ್ ಕೂಡ ಇಳಿಯುತ್ತದೆ.

ಅಡುಗೆಯ ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಎಚ್ಚರ ಬೇಕಿರುವುದು ಹೆಚ್ಚು ಹೀರಿಕೊಳ್ಳುವಂತೆ ತಯಾರಿಸಿದ ಸಾಂದ್ರ ಗುಳಿಗೆಗಳ ವಿಷಯದಲ್ಲಿ. ಅವುಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ. ಜೊತೆಗಿರುವ ಪೈಪರೀನ್ ಬೇರೆ ಔಷಧಗಳು ದೇಹದಲ್ಲಿ ವಿಲೇವಾರಿಯಾಗುವ ವೇಗವನ್ನೂ ಬದಲಿಸಬಲ್ಲದು. ಮೆಥೋಟ್ರೆಕ್ಸೇಟ್ ಕೂಡ ಯಕೃತ್ತನ್ನು ಬಾಧಿಸಬಲ್ಲ ಔಷಧವಾದ್ದರಿಂದ ಅದರ ಜೊತೆಗೆ ಕರ್ಕ್ಯುಮಿನ್ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿರುವವರು ಆ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಗುಳಿಗೆಯನ್ನು ನಂಬಿ ಔಷಧವನ್ನು ಮಾತ್ರ ಯಾರೂ ಬಿಡಬಾರದು. ಒಮ್ಮೆ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ.