ಹಳೆಯ ಬುಲೆಟ್‌ಗೆ ರಿಯರ್‌ಸೆಟ್: ಸನ್ನೆಕೋಲಿನ ಲೆಕ್ಕಾಚಾರ

ಮೋಟಾರ್‌ಸೈಕಲ್ ಸವಾರನ ಪಾದಗಳಿಗೆ ಆಧಾರವಾಗಿರುವ ಫುಟ್‌ರೆಸ್ಟ್‌ಗಳನ್ನು ತಯಾರಕರು ಇರಿಸಿದ ಜಾಗದಿಂದ ಹಿಂದಕ್ಕೂ ತುಸು ಮೇಲಕ್ಕೂ ಸರಿಸಿ, ಅವುಗಳೊಂದಿಗೆ ಗೇರ್ ಲಿವರನ್ನೂ ಹಿಂಬದಿಯ ಬ್ರೇಕ್ ಪೆಡಲನ್ನೂ ಹೊಸ ಸ್ಥಾನಕ್ಕೆ ತರುವ ಜೋಡಣೆಯನ್ನು ರಿಯರ್‌ಸೆಟ್ ಎಂದು ಕರೆಯುತ್ತಾರೆ. ಹೊರನೋಟಕ್ಕೆ ಇದು ಎರಡು ಲೋಹದ ಪಟ್ಟಿ, ಎರಡು ಕಡ್ಡಿ ಮತ್ತು ಕೆಲವು ಬೋಲ್ಟುಗಳ ಕೆಲಸವಾಗಿ ಕಂಡರೂ, ಪಾದದ ಬಲವನ್ನು ಗೇರ್‌ಬಾಕ್ಸಿಗೂ ಬ್ರೇಕಿಗೂ ಒಯ್ಯುವ ಸನ್ನೆಕೋಲುಗಳ ಇಡೀ ವ್ಯವಸ್ಥೆಯೇ ಇದರಿಂದ ಬದಲಾಗುತ್ತದೆ. ಆದ್ದರಿಂದ ರಿಯರ್‌ಸೆಟ್ ಅಳವಡಿಕೆಯನ್ನು ಅಲಂಕಾರವೆಂದು ಭಾವಿಸದೆ ಯಂತ್ರಶಾಸ್ತ್ರದ ಒಂದು ಪುಟ್ಟ ಸಮಸ್ಯೆಯೆಂದು ನೋಡುವುದು ಅಗತ್ಯ.

ಈ ಪದ್ಧತಿ ಬೆಳೆದದ್ದು ಓಟದ ಅಂಕಣಗಳಲ್ಲಿ. 1950 ಮತ್ತು 60ರ ದಶಕಗಳಲ್ಲಿ ಬ್ರಿಟನ್ನಿನ ಯುವಕರು ಲಂಡನ್ನಿನ ಏಸ್ ಕೆಫೆಯಂಥ ಉಪಾಹಾರಗೃಹಗಳ ಮುಂದೆ ಸೇರಿ, ತಮ್ಮ ದಿನಬಳಕೆಯ ವಾಹನಗಳಿಗೆ ತಗ್ಗಾದ ಹ್ಯಾಂಡಲನ್ನೂ ಹಿಂದೆ ಸರಿದ ಫುಟ್‌ರೆಸ್ಟನ್ನೂ ಜೋಡಿಸಿ ರೇಸಿಂಗ್ ಯಂತ್ರಗಳ ರೂಪ ಕೊಡುತ್ತಿದ್ದರು. ಇಂಥ ವಾಹನಗಳಿಗೆ ಕೆಫೆ ರೇಸರ್ ಎಂಬ ಹೆಸರು ಬಂತು. 1961ರಲ್ಲಿ ಅಲ್ಲಿನ ಕಾನೂನು ಕಲಿಕಾ ಪರವಾನಗಿಯವರನ್ನು 250 ಸಿ.ಸಿ. ವಾಹನಗಳಿಗೆ ಸೀಮಿತಗೊಳಿಸಿದ ಮೇಲೆ, ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿಯು 1964ರಲ್ಲಿ ಅಂಥ ಕಲಿಕಾ ಸವಾರರಿಗಾಗಿಯೇ ಹೊರತಂದ 250 ಸಿ.ಸಿ.ಯ ಕಾಂಟಿನೆಂಟಲ್ ಜಿಟಿಗೆ ರಿಯರ್‌ಸೆಟ್ ಕಾರ್ಖಾನೆಯಲ್ಲೇ ಜೋಡಣೆಯಾಗಿ ಬರುತ್ತಿತ್ತು. ಅದೇ ಕಂಪನಿಯ ಬುಲೆಟ್ 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿ, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಎಂಬ ಹಳೆಯ ಬ್ರಿಟಿಷ್ ವಿನ್ಯಾಸವನ್ನು ದಶಕಗಳ ಕಾಲ ಉಳಿಸಿಕೊಂಡಿತು. ಹಾಗಾಗಿ ರಿಯರ್‌ಸೆಟ್ಟಿನ ತತ್ತ್ವಗಳನ್ನು ವಿವರಿಸಲು ಹಳೆಯ ಬುಲೆಟ್ಟು ತಕ್ಕ ಉದಾಹರಣೆಯಾಗಿದೆ.

ಪಾದಗಳನ್ನು ಹಿಂದಕ್ಕೆ ಒಯ್ಯುವುದರ ಮೊದಲ ಉದ್ದೇಶ ಗಾಳಿಯ ತಡೆಯನ್ನು ತಗ್ಗಿಸುವುದು. ಪಾದಗಳು ಮುಂದಿದ್ದಾಗ ಸವಾರ ಕುರ್ಚಿಯಲ್ಲಿ ಕುಳಿತವನಂತೆ ನೆಟ್ಟಗಿರುತ್ತಾನೆ. ಅವು ದೇಹದ ಗುರುತ್ವ ಕೇಂದ್ರದ ಕೆಳಗೆ ಬಂದಾಗ ಮುಂಡವನ್ನು ಮುಂದಕ್ಕೆ ಬಾಗಿಸಿಯೂ ಸಮತೋಲ ಕಾಯ್ದುಕೊಳ್ಳಲು, ಹಳ್ಳದಿಣ್ಣೆ ಬಂದಾಗ ಭಾರವನ್ನು ಸೀಟಿನಿಂದ ಕಾಲಿಗೆ ವರ್ಗಾಯಿಸಲು ಸಾಧ್ಯವಾಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿಯೂ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿಯೂ ಏರುತ್ತದೆ. ಬಾಗಿದ ಭಂಗಿಯಿಂದ ಗಾಳಿಗೆ ಎದುರಾಗುವ ಪರಿಣಾಮಕಾರಿ ವಿಸ್ತೀರ್ಣ, ಅಂದರೆ ಎದುರುಮೈಯ ವಿಸ್ತೀರ್ಣ ಮತ್ತು ತಡೆಯ ಗುಣಾಂಕಗಳ ಗುಣಲಬ್ಧ, 0.1 ಚದರ ಮೀಟರಿನಷ್ಟು ಕುಗ್ಗಿತೆಂದು ಇಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 46 ನ್ಯೂಟನ್ ಬಲ, ಎಂದರೆ ಸುಮಾರು 1.7 ಅಶ್ವಶಕ್ತಿ ಉಳಿಯುತ್ತದೆ. 18 ಅಶ್ವಶಕ್ತಿಯ 350 ಸಿ.ಸಿ. ಬುಲೆಟ್ಟಿಗೆ ಇದು ಗಣನೀಯ ಲಾಭ. ಆದರೆ ವೇಗ 50 ಕಿ.ಮೀ.ಗೆ ಇಳಿದರೆ ಉಳಿತಾಯ ಅದರ ಎಂಟನೇ ಒಂದು ಭಾಗಕ್ಕೆ ಕುಸಿಯುವುದರಿಂದ, ಊರೊಳಗಿನ ಓಡಾಟಕ್ಕೆ ಈ ಲಾಭ ಇಲ್ಲವೆಂದೇ ಹೇಳಬೇಕು. ಹ್ಯಾಂಡಲ್ ಎತ್ತರದಲ್ಲೇ ಉಳಿದು ಪಾದಗಳು ಮಾತ್ರ ಹಿಂದಕ್ಕೆ ಹೋದರೆ ಗಾಳಿಯ ತಡೆಯೂ ತಗ್ಗುವುದಿಲ್ಲ, ಮಂಡಿ ಮತ್ತು ಸೊಂಟದ ಆಯಾಸವೂ ತಪ್ಪುವುದಿಲ್ಲ.

ಎರಡನೆಯ ಉದ್ದೇಶ ತಿರುವುಗಳಿಗೆ ಸಂಬಂಧಿಸಿದ್ದು. ವಾಹನ ವಾಲಿದಂತೆ ಫುಟ್‌ರೆಸ್ಟಿನ ತುದಿ ನೆಲಕ್ಕೆ ಸಮೀಪಿಸುತ್ತದೆ. ತುದಿಯು ನೆಲದಿಂದ 28 ಸೆಂ.ಮೀ. ಮೇಲೆ, ವಾಹನದ ಮಧ್ಯರೇಖೆಯಿಂದ 35 ಸೆಂ.ಮೀ. ಹೊರಗೆ ಇದ್ದರೆ ಸುಮಾರು 39 ಡಿಗ್ರಿ ವಾಲಿದಾಗ ಅದು ನೆಲಕ್ಕೆ ತಾಗುತ್ತದೆ. ಅದನ್ನು 5 ಸೆಂ.ಮೀ. ಮೇಲಕ್ಕೂ 3 ಸೆಂ.ಮೀ. ಒಳಕ್ಕೂ ತಂದರೆ ಆ ಮಿತಿ ಸುಮಾರು 46 ಡಿಗ್ರಿಗೆ ಏರುತ್ತದೆ. ಆದರೆ ಒಂದೇ ವೇಗದಲ್ಲಿ 45 ಡಿಗ್ರಿ ವಾಲಿ ತಿರುಗಲು ಟೈರು ಮತ್ತು ರಸ್ತೆಗಳ ನಡುವಿನ ಘರ್ಷಣಾ ಗುಣಾಂಕ ಸುಮಾರು 1 ಇರಬೇಕಾಗುತ್ತದೆ. ಹಳೆಯ ವಾಹನಗಳ ಕಿರಿದಾದ ಟೈರುಗಳಿಂದ ಸಾಮಾನ್ಯ ರಸ್ತೆಯಲ್ಲಿ ಅಷ್ಟನ್ನು ನಿರೀಕ್ಷಿಸಲಾಗದು. ಅದಕ್ಕೂ ಮೊದಲೇ ಸ್ಟ್ಯಾಂಡೋ ಸೈಲೆನ್ಸರೋ ನೆಲಕ್ಕೆ ಉಜ್ಜಬಹುದು. ಆದ್ದರಿಂದ ಫುಟ್‌ರೆಸ್ಟನ್ನು ಅತಿಯಾಗಿ ಎತ್ತರಿಸುವುದರಿಂದ ಮಂಡಿನೋವಿನ ಹೊರತು ಬೇರೆ ಫಲವಿಲ್ಲ.

ಅಳವಡಿಕೆಯ ನಿಜವಾದ ಕೌಶಲವಿರುವುದು ಗೇರ್ ಲಿವರನ್ನು ಹಿಂದಕ್ಕೆ ತರುವುದರಲ್ಲಿ. ಗೇರ್‌ಬಾಕ್ಸಿನಿಂದ ಹೊರಚಾಚಿದ ಹಲ್ಲುಗೆರೆಯ ದಂಡದ ಮೇಲೆ ಮೂಲ ಲಿವರು ಮುಂದಕ್ಕೆ ಮುಖ ಮಾಡಿ ಕುಳಿತಿರುತ್ತದೆ. ಅದನ್ನೇ ತಿರುಗಿಸಿ ಹಿಂದಕ್ಕೆ ಮುಖ ಮಾಡಿಸುವುದು ಅತ್ಯಂತ ಸರಳ ಉಪಾಯವಾದರೂ, ಆಗ ಪಾದ ಕೆಳಕ್ಕೆ ಒತ್ತಿದರೆ ದಂಡವು ಮೊದಲಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಮೇಲಕ್ಕೆ ಒಂದು, ಕೆಳಕ್ಕೆ ಮೂರು ಎಂಬ ಬುಲೆಟ್ಟಿನ ಗೇರ್ ಕ್ರಮವು ಕೆಳಕ್ಕೆ ಒಂದು, ಮೇಲಕ್ಕೆ ಮೂರು ಎಂದು ಬದಲಾಗುತ್ತದೆ. ಇನ್ನೊಂದು ವಿಧಾನದಲ್ಲಿ ಹೊಸ ಪೆಡಲು ಫುಟ್‌ರೆಸ್ಟಿನ ಬಳಿಯೇ ತಿರುಗುವಂತೆ ಕೂರುತ್ತದೆ. ಅದರ ಒಂದು ಗಿಡ್ಡ ತೋಳನ್ನೂ ದಂಡದ ಮೇಲಿನ ಮತ್ತೊಂದು ಗಿಡ್ಡ ತೋಳನ್ನೂ ಲಿಂಕ್ ರಾಡ್ ಎಂಬ ಕಡ್ಡಿ ಜೋಡಿಸುತ್ತದೆ. ಎರಡೂ ತೋಳುಗಳು ಮೇಲ್ಮುಖವಾಗಿ, ಇಲ್ಲವೇ ಎರಡೂ ಕೆಳಮುಖವಾಗಿ ಇದ್ದರೆ ಮೂಲಕ್ರಮ ಉಳಿಯುತ್ತದೆ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಇದ್ದರೆ ಕ್ರಮ ತಿರುಗುಮುರುಗಾಗುತ್ತದೆ. ತಟಸ್ಥ ಸ್ಥಿತಿಯಲ್ಲಿ ಕಡ್ಡಿಯು ಎರಡೂ ತೋಳುಗಳಿಗೆ ಹೆಚ್ಚುಕಡಿಮೆ ಲಂಬಕೋನದಲ್ಲಿರಬೇಕು, ಏಕೆಂದರೆ ಕೋನವು 90 ಡಿಗ್ರಿಯಿಂದ ದೂರ ಸರಿದಂತೆ ಬಲದ ಒಂದು ಪಾಲು ದಂಡವನ್ನು ತಿರುಗಿಸುವ ಬದಲು ಬೇರಿಂಗುಗಳನ್ನು ಒತ್ತಿ ವ್ಯರ್ಥವಾಗುತ್ತದೆ. ಕಡ್ಡಿಯ ಒಂದು ತುದಿಗೆ ಬಲಮರೆಯನ್ನೂ, ಅಂದರೆ ಬಲಸುತ್ತಿನ ತಿರುಪುಗೆರೆಯನ್ನೂ, ಇನ್ನೊಂದಕ್ಕೆ ಎಡಮರೆಯನ್ನೂ ಕೊಟ್ಟರೆ, ಬಿಚ್ಚದೆಯೇ ಕಡ್ಡಿಯನ್ನು ತಿರುಗಿಸಿ ಪೆಡಲಿನ ಎತ್ತರವನ್ನು ಹೊಂದಿಸಬಹುದು.

ಬ್ರೇಕಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಪೆಡಲಿನ ತಿರುಗುಬಿಂದುವಿನಿಂದ ಕಾಲ್ಬೆರಳಿನವರೆಗಿನ ಉದ್ದವನ್ನು, ಅದೇ ಬಿಂದುವಿನಿಂದ ಬ್ರೇಕ್ ಕಡ್ಡಿಯ ತುದಿಯವರೆಗಿನ ಉದ್ದದಿಂದ ಭಾಗಿಸಿದರೆ ದೊರೆಯುವ ಸಂಖ್ಯೆಯೇ ಸನ್ನೆಯ ಅನುಪಾತ. 150 ಮಿ.ಮೀ. ಪೆಡಲಿಗೆ 30 ಮಿ.ಮೀ. ತೋಳಿದ್ದರೆ ಅನುಪಾತ 5 ಆಗಿ, ಪಾದದ 200 ನ್ಯೂಟನ್ ಬಲ ಕಡ್ಡಿಯಲ್ಲಿ 1,000 ನ್ಯೂಟನ್ ಆಗುತ್ತದೆ. ರಿಯರ್‌ಸೆಟ್ಟಿನ ಪೆಡಲು 100 ಮಿ.ಮೀ.ಗೆ ಕುಗ್ಗಿ ತೋಳು ಹಾಗೆಯೇ ಉಳಿದರೆ ಅದು ಸುಮಾರು 667 ನ್ಯೂಟನ್‌ಗೆ ಇಳಿಯುತ್ತದೆ. ಅಂದರೆ ಬ್ರೇಕಿನ ಬಲದ ಮೂರನೇ ಒಂದು ಭಾಗ ಕಣ್ಣಿಗೆ ಕಾಣದಂತೆ ಮಾಯವಾಗಿರುತ್ತದೆ. ಇದರೊಂದಿಗೆ ಇನ್ನೊಂದು ತೊಡಕೂ ಇದೆ: ಹಿಂದಿನ ಚಕ್ರವನ್ನು ಹೊತ್ತ ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡುವಾಗ, ಕಡ್ಡಿಯ ಮುಂತುದಿಯು ಸ್ವಿಂಗ್ ಆರ್ಮಿನ ಕೀಲಿನಿಂದ ದೂರವಿದ್ದಷ್ಟೂ ಅದರ ಎರಡು ತುದಿಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗಿ, ಸವಾರ ಒತ್ತದೆಯೇ ಬ್ರೇಕು ಹಿಡಿಯಬಹುದು ಅಥವಾ ಒತ್ತಿದಾಗ ಸಡಿಲವಾಗಬಹುದು. ಆದ್ದರಿಂದ ಹೊಸ ತೋಳಿನ ತುದಿಯನ್ನು ಆ ಕೀಲಿಗೆ ಸಾಧ್ಯವಾದಷ್ಟು ಹತ್ತಿರ ತರಬೇಕು.

ಕಿಕ್ ಲಿವರಿನ ದಾರಿಯೂ ಇಲ್ಲಿ ಮುಖ್ಯ. ಬುಲೆಟ್ಟಿನಲ್ಲಿ ಕಿಕ್ಕು ಬಲಭಾಗದಲ್ಲೇ ಇರುವುದರಿಂದ, ಹಿಂದೆ ಸರಿದ ಬಲ ಫುಟ್‌ರೆಸ್ಟು ಅದರ ಚಲನೆಗೆ ಅಡ್ಡಬರುತ್ತದೆ; ಮಡಚಬಲ್ಲ ಫುಟ್‌ರೆಸ್ಟೇ ಇದಕ್ಕೆ ಪರಿಹಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ ಮತ್ತು ಯೆಜ್ಡಿಗಳಲ್ಲಿ ಸಮಸ್ಯೆ ಇನ್ನೂ ಜಟಿಲ, ಏಕೆಂದರೆ ಅವುಗಳಲ್ಲಿ ಒಂದೇ ಲಿವರು ಗೇರಾಗಿಯೂ ಕಿಕ್ಕಾಗಿಯೂ ಕೆಲಸ ಮಾಡುತ್ತದೆ. ಅದಕ್ಕೆ ಲಿಂಕ್ ರಾಡನ್ನು ಬಿಗಿದರೆ ಕಿಕ್ ಮಾಡುವುದೇ ಅಸಾಧ್ಯವಾಗುವುದರಿಂದ, ಬುಲೆಟ್ಟಿಗೆ ಒಪ್ಪುವ ಜೋಡಣೆ ಅವುಗಳಿಗೆ ಒಪ್ಪುವುದಿಲ್ಲ.

ಫುಟ್‌ರೆಸ್ಟಿನ ಗಟ್ಟಿತನವನ್ನೂ ಲೆಕ್ಕ ಹಾಕಿಯೇ ನಿರ್ಧರಿಸಬೇಕು. 75 ಕಿಲೋ ತೂಕದ ಸವಾರ ಒಂದೇ ಕಾಲಿನ ಮೇಲೆ ಭಾರ ಹಾಕಿದಾಗ, ಬುಡದಿಂದ 8 ಸೆಂ.ಮೀ. ದೂರದಲ್ಲಿ ಸುಮಾರು 750 ನ್ಯೂಟನ್ ಬಲ ಬೀಳುತ್ತದೆ. ಗುಂಡಿಗೆ ಬಿದ್ದಾಗ ಅದು ಮೂರು ಪಟ್ಟಾದರೆ, 16 ಮಿ.ಮೀ. ವ್ಯಾಸದ ಗಟ್ಟಿ ಸರಳಿನ ಬುಡದಲ್ಲಿ ಸುಮಾರು 450 ಮೆಗಾಪ್ಯಾಸ್ಕಲ್ ಒತ್ತಡ ಉಂಟಾಗುತ್ತದೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ 6061-ಟಿ6 ಅಲ್ಯೂಮಿನಿಯಂ ಮಿಶ್ರಲೋಹ ಸುಮಾರು 275 ಮೆಗಾಪ್ಯಾಸ್ಕಲ್ಲಿಗೇ ಶಾಶ್ವತವಾಗಿ ಬಾಗತೊಡಗುತ್ತದೆ. ಸರಳಿನ ಬಲ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ವ್ಯಾಸವನ್ನು 20 ಮಿ.ಮೀ.ಗೆ ಏರಿಸಿದರೆ ಒತ್ತಡ ಸುಮಾರು 230 ಮೆಗಾಪ್ಯಾಸ್ಕಲ್ಲಿಗೆ, ಅಂದರೆ ಅರ್ಧದಷ್ಟಕ್ಕೆ ಇಳಿಯುತ್ತದೆ. ಇಷ್ಟಾದರೂ ಲೋಹದ ದಣಿವನ್ನು ಮರೆಯುವಂತಿಲ್ಲ: ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಕೊನೆಗೆ ತುಂಡಾಗುವಂತೆ, ಎಂಜಿನ್ನಿನ ನಡುಕಕ್ಕೆ ಸಿಕ್ಕಿದ ಅಲ್ಯೂಮಿನಿಯಂ ಸಣ್ಣ ಒತ್ತಡದಲ್ಲೂ ಕಾಲಕ್ರಮೇಣ ಬಿರುಕು ಬಿಡಬಲ್ಲದು. ಬುಡದಲ್ಲಿ ಚೂಪಾದ ಮೂಲೆಗಳಿರದೆ ದುಂಡಾದ ತಿರುವಿರುವುದು ಇದಕ್ಕಾಗಿಯೇ ಅವಶ್ಯ.

ಬಿಡಿಭಾಗಗಳನ್ನು ಹುಡುಕುವಾಗ ಆಯಾ ಮಾದರಿಗೆಂದೇ ರೂಪಿಸಿದ ಸೆಟ್ಟಿಗೆ ಮೊದಲ ಆದ್ಯತೆ ಕೊಡಬೇಕು. ಎಲ್ಲ ವಾಹನಗಳಿಗೂ ಹೊಂದುತ್ತದೆಂದು ಮಾರುವ ಸೆಟ್ಟುಗಳಿಗೆ ಆಧಾರಪಟ್ಟಿಯನ್ನು ಪ್ರತ್ಯೇಕವಾಗಿ ಕತ್ತರಿಸಿ ಮಾಡಿಸಬೇಕಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೊಳ್ಳುವವರು ಬೋಲ್ಟಿನ ಮರೆಯನ್ನು ಪರೀಕ್ಷಿಸುವುದು ಒಳ್ಳೆಯದು. ಹಳೆಯ ಬ್ರಿಟಿಷ್ ವಿನ್ಯಾಸದ ವಾಹನಗಳಲ್ಲಿ 55 ಡಿಗ್ರಿ ಕೋನದ ವಿಟ್‌ವರ್ತ್ ಮರೆಗಳೂ, ಅಂಗುಲಕ್ಕೆ 26 ಸುತ್ತುಗಳ ಸೈಕಲ್ ಮರೆಗಳೂ ಬಳಕೆಯಲ್ಲಿದ್ದವು. ಅವುಗಳ ತೂತಿಗೆ ಇಂದಿನ ಮೆಟ್ರಿಕ್ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ಮರೆಗಳು ಹಾಳಾಗುತ್ತವೆ.

ಜೋಡಿಸುವಾಗ ಮೊದಲು ಆಧಾರಪಟ್ಟಿಗಳನ್ನು ಸಡಿಲವಾಗಿ ಕೂರಿಸಿ, ಸವಾರನನ್ನು ಕುಳ್ಳಿರಿಸಿ ಎತ್ತರವನ್ನು ಗೊತ್ತುಮಾಡಬೇಕು. ಬಳಿಕ ಶಾಕ್ ಅಬ್ಸಾರ್ಬರ್ ಬಿಚ್ಚಿ ಚಕ್ರವನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಆಡಿಸಿ, ಚೈನು, ಸೈಲೆನ್ಸರು, ಕಿಕ್ಕುಗಳಿಗೆ ಯಾವುದೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅನಂತರವೇ ಕಡ್ಡಿಗಳನ್ನು ಜೋಡಿಸಿ, ಲಾಕ್‌ನಟ್ಟು ಬಿಗಿದು, ಬ್ರೇಕ್ ದೀಪದ ಸ್ವಿಚ್ಚನ್ನೂ ಪೆಡಲಿನ ಸ್ಪ್ರಿಂಗನ್ನೂ ಹೊಂದಿಸಿ, ಎಲ್ಲ ಗೇರುಗಳೂ ಬೀಳುತ್ತವೆಯೇ ಎಂದು ಚಕ್ರವನ್ನು ಎತ್ತಿಟ್ಟು ನೋಡಬೇಕು.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2021ರ ನಿಯಮಗಳಂತೆ ಮೊದಲ ನೋಂದಣಿಯಾಗಿ 50 ವರ್ಷ ಕಳೆದ ವಾಹನಕ್ಕೆ ವಿಂಟೇಜ್ ಮಾನ್ಯತೆ ದೊರೆಯಬೇಕಾದರೆ ಅದು ಮೂಲರೂಪದಲ್ಲಿದ್ದು, ಅದರ ಚಾಸಿಗೆ ಮಾರ್ಪಾಡಾಗಿರಬಾರದು. ಹೀಗಾಗಿ ಚಾಸಿಯನ್ನು ಕೊರೆಯುವ, ಕತ್ತರಿಸುವ, ವೆಲ್ಡಿಂಗ್ ಮಾಡುವ ಯಾವುದೇ ವಿಧಾನವನ್ನು ಕೈಬಿಟ್ಟು, ಈಗಿರುವ ತೂತುಗಳಿಗೇ ಬೋಲ್ಟಿನಿಂದ ಕೂರುವ, ಬೇಕೆಂದಾಗ ಬಿಚ್ಚಬಹುದಾದ ಸೆಟ್ಟನ್ನು ಆರಿಸಿಕೊಂಡು, ತೆಗೆದ ಮೂಲಭಾಗಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದೇ ಸರಿಯಾದ ಮಾರ್ಗ. ಬ್ರೇಕಿನ ಸನ್ನೆಯ ಅನುಪಾತ ಮೂಲದಷ್ಟೇ ಉಳಿದಿರಬೇಕು ಮತ್ತು ಚಾಸಿಗೆ ಗಾಯವಾಗಿರಬಾರದು. ಈ ಎರಡು ಷರತ್ತುಗಳನ್ನು ಪೂರೈಸದ ರಿಯರ್‌ಸೆಟ್ ಎಷ್ಟೇ ಅಂದವಾಗಿದ್ದರೂ ಅದನ್ನು ಹಳೆಯ ವಾಹನಕ್ಕೆ ಜೋಡಿಸಬಾರದು.