ಹಾಕಿ ಕೋಲಿನ ತೂಕವೂ ಸಮತೋಲವೂ

ತಕ್ಕಡಿಯಲ್ಲಿಟ್ಟಾಗ ಎರಡೂ 550 ಗ್ರಾಂ ತೂಗುವ ಹಾಕಿ ಕೋಲುಗಳನ್ನು ಪಳಗಿದ ಆಟಗಾರನೊಬ್ಬನ ಕೈಗೆ ಒಂದಾದ ಮೇಲೊಂದರಂತೆ ಕೊಟ್ಟರೆ, ಅವನು ಗಾಳಿಯಲ್ಲಿ ಒಂದೆರಡು ಸಲ ಬೀಸಿ ನೋಡಿ, ಇದು ಹಗುರ, ಅದು ಭಾರ ಎಂದು ನಿಸ್ಸಂಶಯವಾಗಿ ಹೇಳಿಬಿಡುವುದುಂಟು. ತಕ್ಕಡಿಯನ್ನೇ ನಂಬುವವರು ಇದನ್ನು ಭ್ರಮೆಯೆಂದು ತಳ್ಳಿಹಾಕಬಹುದು. ಆದರೆ ಕೋಲಿನಲ್ಲಿ ದ್ರವ್ಯವೆಷ್ಟಿದೆಯೆಂಬುದನ್ನು ಮಾತ್ರ ತಕ್ಕಡಿ ತಿಳಿಸುತ್ತದೆ, ಕೈಯಾದರೋ ಆ ದ್ರವ್ಯ ಎಲ್ಲೆಲ್ಲಿ ಹಂಚಿಹೋಗಿದೆಯೆಂಬುದನ್ನೂ ಅರಿಯುತ್ತದೆ. ಬೀದರ ಸೀಮೆಯ ಔರಾದಿನ ಕಡೆಯ ರೈತನು ಕೊಡಲಿಯನ್ನು ಅದರ ಅಲಗಿನ ಬುಡದಲ್ಲಿ ಹಿಡಿದು ಹೊಲಕ್ಕೆ ನಡೆಯುವಾಗ ಅದರ ಭಾರ ಅವನ ಗಮನಕ್ಕೇ ಬರುವುದಿಲ್ಲ. ಅದೇ ಕೊಡಲಿಯ ಕಾವಿನ ತುದಿಯನ್ನು ಹಿಡಿದು ಜಾಲಿಯ ಬೊಡ್ಡೆಗೆ ಏಟು ಹಾಕುವಾಗ ಮಣಿಕಟ್ಟಿನ ನರನರವೂ ಆ ಭಾರವನ್ನು ಬಲ್ಲದು. ಹಾಕಿ ಕೋಲನ್ನು ತನ್ನ ಕೈಗೆ ಒಗ್ಗಿಸಿಕೊಳ್ಳಬೇಕೆನ್ನುವವನು ಮೊದಲು ಮನಗಾಣಬೇಕಾದ ಭೇದವಿದು.

ಭಾಲ್ಕಿಯ ಶಾಲಾ ಮೈದಾನವೊಂದರಲ್ಲಿ ಹುಡುಗನೊಬ್ಬನು ತನ್ನ ಕೋಲಿನ ಹಿಡಿಯ ಮೇಲ್ತುದಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಿದ್ದುದನ್ನು ಕಂಡು ಕಾರಣ ಕೇಳಿದೆನು. “ಮುಂದ ಭಾಳ ಜಡ ಅದರಿ ಸರ್, ಕೈಗಿ ಬರಲ್ಲ. ಮ್ಯಾಲ ಹಿಂಗ ಸುತ್ತಿದ್ರ ಹಗುರ ಆಗ್ತದ” ಎಂದನು. ಭಾರವನ್ನು ಕೂಡಿಸಿ ಹಗುರ ಮಾಡುವುದೆಂದರೆ ಕೇಳಿದವರಿಗೆ ವಿಪರೀತವೆನಿಸೀತು. ಆದರೂ ಆ ಹುಡುಗನು ಹೇಳಿದುದು ಯಂತ್ರಶಾಸ್ತ್ರಕ್ಕೆ ಸಮ್ಮತವಾದ ಮಾತೇ. ಅದು ಯಾವ ಅರ್ಥದಲ್ಲಿ ಸತ್ಯ, ಯಾವ ಅರ್ಥದಲ್ಲಿ ಅಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡುವುದು ಒಳ್ಳೆಯದು.

93 ಸೆಂಟಿಮೀಟರ್ ಉದ್ದದ, 550 ಗ್ರಾಂ ತೂಕದ ಒಂದು ಕೋಲನ್ನು ತೆಗೆದುಕೊಳ್ಳೋಣ. ಅದನ್ನು ಅಡ್ಡಲಾಗಿ ತೋರುಬೆರಳಿನ ಮೇಲಿಟ್ಟು, ಅತ್ತಿತ್ತ ಸರಿಸಿ, ಎರಡು ಕಡೆಗೂ ವಾಲದೆ ನಿಲ್ಲುವ ಸ್ಥಾನವನ್ನು ಗುರುತಿಸಿದರೆ ಅದೇ ಅದರ ಗುರುತ್ವಕೇಂದ್ರ. ಆಟಗಾರರು ಇದನ್ನು ಬ್ಯಾಲೆನ್ಸ್ ಎನ್ನುತ್ತಾರೆ. ನಮ್ಮ ಕೋಲಿನಲ್ಲಿ ಅದು ಹಿಡಿಯ ತುದಿಯಿಂದ 55 ಸೆಂಟಿಮೀಟರಿನಷ್ಟು ಕೆಳಗಿದೆಯೆಂದು ಇಟ್ಟುಕೊಳ್ಳೋಣ. ಎಡಗೈ ಮೇಲ್ತುದಿಯಿಂದ 10 ಸೆಂಟಿಮೀಟರಿನಲ್ಲಿಯೂ ಬಲಗೈ 35 ಸೆಂಟಿಮೀಟರಿನಲ್ಲಿಯೂ ಇರಲಿ. ತೂಕವನ್ನು ದೂರದಿಂದ ಗುಣಿಸಿದರೆ ಕೈಯನ್ನು ಕೆಳಕ್ಕೆ ತಿರುಚುವ ಬಲ ಸಿಗುತ್ತದೆ: ಎಡಗೈಗೆ 550ರ 45 ಪಟ್ಟು, ಬಲಗೈಗೆ 550ರ 20 ಪಟ್ಟು. ಬೀದರಿನ ವಾಯುನೆಲೆಯಿಂದ ತರಬೇತಿಯ ವಿಮಾನಗಳು ಮೇಲೇಳುವುದನ್ನು ಊರಿನ ಮಕ್ಕಳು ನಿತ್ಯವೂ ನೋಡುತ್ತಾರಷ್ಟೆ. ಹಾರುವುದಕ್ಕೆ ಮುಂಚೆ ಆ ವಿಮಾನದ ಗುರುತ್ವಕೇಂದ್ರ ಎಲ್ಲಿ ಬೀಳುತ್ತದೆಂದು ನಿರ್ಣಯಿಸುವ ಗಣಿತವೂ ತೂಕವನ್ನು ದೂರದಿಂದ ಗುಣಿಸಿ ಕೂಡಿಸುವ ಇದೇ ಗಣಿತ.

ಈಗ 20 ಗ್ರಾಂ ರಬ್ಬರನ್ನು ಹಿಡಿಯ ಮೇಲ್ತುದಿಗೆ ಸುತ್ತಿದರೆ ಕೋಲು 570 ಗ್ರಾಮಿನದಾಗುತ್ತದೆ, ಗುರುತ್ವಕೇಂದ್ರ ಸುಮಾರು 1.9 ಸೆಂಟಿಮೀಟರ್ ಮೇಲಕ್ಕೇರುತ್ತದೆ. ಬಲಗೈಯ ಮೇಲೆ ಬೀಳುವ ತಿರುಚು ಬಲ 11,000 ಗ್ರಾಂ-ಸೆಂಟಿಮೀಟರಿನಿಂದ 10,300ಕ್ಕೆ, ಎಂದರೆ ನೂರಕ್ಕೆ ಆರರಷ್ಟು, ಇಳಿಯುತ್ತದೆ. ಭಾಲ್ಕಿಯ ಹುಡುಗನಿಗೆ ಹಗುರವೆನಿಸಿದುದು ಇದು. ಎಡಗೈಗಾದರೋ ಅದು ನೂರಕ್ಕೆ ಒಂದರಷ್ಟೂ ಇಳಿಯುವುದಿಲ್ಲ. ಏಕೆಂದರೆ ಕೂಡಿಸಿದ ತೂಕ ಎಡಗೈಗೆ ಅತಿ ಸಮೀಪದಲ್ಲಿಯೇ ಇದೆ.

ಇಲ್ಲಿಯವರೆಗೆ ಹೇಳಿದುದೆಲ್ಲ ಕೋಲನ್ನು ಸುಮ್ಮನೆ ಹಿಡಿದು ನಿಂತಾಗಿನ ಮಾತು. ಬೀಸುವಾಗ ಬೇರೊಂದು ನಿಯಮ ಮುಂದೆ ಬರುತ್ತದೆ. ತಿರುಗುವ ವಸ್ತುವಿನಲ್ಲಿ ಪ್ರತಿಯೊಂದು ಕಣವೂ ಒಡ್ಡುವ ಪ್ರತಿರೋಧವು ತಿರುಗಣೆಯಿಂದ ಅದಕ್ಕಿರುವ ದೂರದ ವರ್ಗವನ್ನು ಅನುಸರಿಸುತ್ತದೆ. ದೂರ ಎರಡರಷ್ಟಾದರೆ ಪ್ರತಿರೋಧ ನಾಲ್ಕರಷ್ಟು, ದೂರ ಎಂಟರಷ್ಟಾದರೆ ಪ್ರತಿರೋಧ ಅರುವತ್ತನಾಲ್ಕರಷ್ಟು. ಎಡಗೈಯನ್ನು ತಿರುಗಣೆಯೆಂದು ಭಾವಿಸಿದರೆ ಮೇಲ್ತುದಿಯ 20 ಗ್ರಾಂ ಅದರಿಂದ 10 ಸೆಂಟಿಮೀಟರ್ ದೂರದಲ್ಲಿದೆ. ಅದೇ 20 ಗ್ರಾಮನ್ನು ತಲೆಗೆ ಅಂಟಿಸಿದರೆ ಅದು 80 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೇಲ್ತುದಿಯಲ್ಲಿ ಅದು ಬೀಸುವಿಕೆಯ ಜಡತ್ವವನ್ನು ಹೆಚ್ಚಿಸುವುದು ಸಾವಿರಕ್ಕೆ ಒಂದೆರಡರಷ್ಟು ಮಾತ್ರ. ತಲೆಯಲ್ಲಿ ಅದು ನೂರಕ್ಕೆ ಎಂಟಕ್ಕಿಂತ ಹೆಚ್ಚು. ಆಶ್ಚರ್ಯವೆಂದರೆ, ತಲೆಗೆ ಅಂಟಿಸಿದಾಗ ಗುರುತ್ವಕೇಂದ್ರ ಕೆಳಕ್ಕೆ ಸರಿಯುವುದು ಕೇವಲ 1.2 ಸೆಂಟಿಮೀಟರ್, ಮೇಲ್ತುದಿಗೆ ಸುತ್ತಿದಾಗ ಸರಿದುದಕ್ಕಿಂತ ಕಡಿಮೆ! ಬೆರಳಿನ ಮೇಲೆ ಕೋಲನ್ನಿಟ್ಟು ನೋಡುವವನಿಗೆ ದೊಡ್ಡದಾಗಿ ಕಾಣುವ ಬದಲಾವಣೆ ಬೀಸುವವನಿಗೆ ಇಲ್ಲವೆಂಬಷ್ಟು ಸಣ್ಣದು. ಬೆರಳಿಗೆ ಸಣ್ಣದಾಗಿ ಕಂಡುದು ಬೀಸುವವನ ತೋಳನ್ನೇ ದಣಿಸುವಂಥದು. ಅಂಗಡಿಯಲ್ಲಿ ಬ್ಯಾಲೆನ್ಸಿನ ಅಂಕಿಯೊಂದನ್ನೇ ಕೇಳಿ ಕೋಲು ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ ಎಂದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಬೀಸುವಿಕೆಯ ಭಾರವನ್ನು ಅಳೆಯುವ ಬಗೆ ಹೇಗೆ? ಬೆಲೆಬಾಳುವ ಉಪಕರಣವೇನೂ ಬೇಕಿಲ್ಲ. ಹಿಡಿಯ ಮೇಲ್ತುದಿಯಿಂದ 10 ಸೆಂಟಿಮೀಟರ್ ಕೆಳಗೆ ಉದ್ದನೆಯ ಮೊಳೆಯೊಂದನ್ನು ಅಡ್ಡಲಾಗಿ ದಾರದಿಂದ ಬಿಗಿದು, ಮೊಳೆಯ ಎರಡು ತುದಿಗಳನ್ನು ಎರಡು ಮೇಜುಗಳ ಅಂಚಿನ ಮೇಲಿರಿಸಿ, ಕೋಲನ್ನು ನಡುವೆ ಇಳಿಬಿಟ್ಟು ಮೆಲ್ಲನೆ ತೂಗಿಸಬೇಕು. ಅದರ ಪಕ್ಕದಲ್ಲಿಯೇ ದಾರಕ್ಕೆ ಕಟ್ಟಿದ ಸಣ್ಣ ಕಲ್ಲೊಂದನ್ನು ತೂಗಬಿಟ್ಟು, ಕಲ್ಲೂ ಕೋಲೂ ಹೆಜ್ಜೆ ತಪ್ಪದೆ ಒಟ್ಟಿಗೆ ಹೋಗಿ ಒಟ್ಟಿಗೆ ಬರುವವರೆಗೆ ದಾರವನ್ನು ಉದ್ದಗಿಡ್ಡ ಮಾಡಬೇಕು. ನಮ್ಮ ಮಾದರಿಯ ಕೋಲಿಗೆ ಆ ದಾರ ಸುಮಾರು 61 ಸೆಂಟಿಮೀಟರ್ ಇದ್ದೀತು. ಐವತ್ತು ತೂಗಾಟಗಳಿಗೆ 78 ಸೆಕೆಂಡುಗಳಿಗಿಂತ ತುಸು ಹೆಚ್ಚು ಹಿಡಿದೀತು. ದಾರದ ಉದ್ದ, ಮೊಳೆಯಿಂದ ಗುರುತ್ವಕೇಂದ್ರಕ್ಕಿರುವ ದೂರ, ಕೋಲಿನ ತೂಕ, ಈ ಮೂರನ್ನೂ ಒಂದರಿಂದೊಂದು ಗುಣಿಸಿದರೆ ಬೀಸುವಿಕೆಯ ಜಡತ್ವವೇ ದೊರೆಯುತ್ತದೆ.

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1673ರಲ್ಲಿ ಪ್ರಕಟಿಸಿದ ಲೋಲಕದ ಗಡಿಯಾರಗಳ ಗ್ರಂಥದಲ್ಲಿ ಈ ದಾರದ ಉದ್ದವನ್ನು ಕುರಿತ ಸಿದ್ಧಾಂತವನ್ನು ನಿರೂಪಿಸಿದನು. ತಿರುಗಣೆಯಿಂದ ಅಷ್ಟು ದೂರ ಕೆಳಗಿರುವ ಬಿಂದುವಿಗೆ ಇನ್ನೊಂದು ವಿಶೇಷವುಂಟು: ಅಲ್ಲಿಗೆ ಏಟು ಬಿದ್ದರೆ ಮೇಲಿನ ಕೈಗೆ ಝಳುಕು ತಗಲುವುದಿಲ್ಲ. ನಮ್ಮ ಕೋಲಿನಲ್ಲಿ ಆ ಬಿಂದು ತಲೆಯ ಕೆಳ ಅಂಚಿನಿಂದ 22 ಸೆಂಟಿಮೀಟರ್ ಮೇಲಿದೆ. ಚೆಂಡಾದರೋ ತಲೆಗೇ ತಗಲುತ್ತದೆ. ಅದರಿಂದಲೇ ಪ್ರತಿಯೊಂದು ಹೊಡೆತದಲ್ಲಿಯೂ ಎಡಗೈ ಸ್ವಲ್ಪ ಮುಂದಕ್ಕೆ ಜಗ್ಗಿದಂತಾಗುವುದು.

ಚೆಂಡಿನ ಪಾಡೇನು ಎಂಬುದನ್ನೂ ನೋಡಬೇಕು. ಹಾಕಿ ಚೆಂಡಿನ ತೂಕ ನಿಯಮದಂತೆ 156ರಿಂದ 163 ಗ್ರಾಂ. ಕೋಲು 550 ಗ್ರಾಂ ಇದ್ದರೂ, ಚೆಂಡು ಗುರುತ್ವಕೇಂದ್ರದಿಂದ ದೂರದಲ್ಲಿ ತಗಲುವುದರಿಂದ, ಅದನ್ನು ಎದುರಿಸುವುದು ಲೆಕ್ಕದಲ್ಲಿ 220 ಗ್ರಾಮಿನಷ್ಟು ದ್ರವ್ಯ ಮಾತ್ರ. ಉಳಿದುದೆಲ್ಲ ಕೈಯ ಕಡೆಗೆ ಉಳಿದುಬಿಡುತ್ತದೆ. ತಲೆಗೆ 20 ಗ್ರಾಂ ಸೇರಿಸಿದರೆ ಈ 220 ಏರಿ 240 ಆಗುತ್ತದೆ, ಅದೇ ವೇಗದಲ್ಲಿ ಬೀಸಿದರೆ ಚೆಂಡು ನೂರಕ್ಕೆ ನಾಲ್ಕರಷ್ಟು ಹೆಚ್ಚು ವೇಗದಿಂದ ಹಾರುತ್ತದೆ. ಆದರೆ ಅದೇ ವೇಗದಲ್ಲಿ ಬೀಸುವುದೆಂದರೆ ಎಲ್ಲಿಂದ ಬರಬೇಕು? ತೋಳಿನ ಶಕ್ತಿ ಮೊದಲಿನಷ್ಟೇ ಇದ್ದು ಅದೆಲ್ಲವೂ ಕೋಲಿಗೇ ಸಲ್ಲುವುದಾದರೆ, ಹೆಚ್ಚಿದ ಜಡತ್ವದಿಂದಾಗಿ ಬೀಸುವ ವೇಗ ನೂರಕ್ಕೆ ನಾಲ್ಕರಷ್ಟೇ ಕುಂದುತ್ತದೆ. ಗಳಿಸಿದುದು ಕಳೆದುದಕ್ಕೆ ಸರಿಹೋಗುತ್ತದೆ. ನಿಜವಾದ ಆಟದಲ್ಲಿ ತೋಳು ತನ್ನನ್ನೂ ಬೀಸಿಕೊಳ್ಳಬೇಕಾಗಿರುವುದರಿಂದ ನಷ್ಟ ಅಷ್ಟಾಗದೆ ಬಲಿಷ್ಠನಿಗೆ ತುಸು ಲಾಭ ಉಳಿದೀತು. ಎಳೆಯ ತೋಳಿನವನಿಗೆ ಉಳಿಯುವುದು ದಣಿವು, ಜೊತೆಗೆ ಚೆಂಡಿನ ಬಳಿಗೆ ತಡವಾಗಿ ಬಂದು ಮುಟ್ಟುವ ಕೋಲು.

ಎತ್ತುವುದು, ಬೀಸುವುದು ಇವಲ್ಲದೆ ಮೂರನೆಯ ಚಲನೆಯೊಂದಿದೆ. ಭಾರತದ ಹಾಕಿಯ ಕೀರ್ತಿಯೆಲ್ಲ ಅದರ ಮೇಲೆಯೇ ನಿಂತಿತ್ತೆಂದರೂ ಸಲ್ಲುತ್ತದೆ. ಕೋಲಿನ ಎಡಮಗ್ಗುಲು ಮಾತ್ರ ಚಪ್ಪಟೆ, ಚೆಂಡನ್ನು ಆಡಿಸಬೇಕಾದುದು ಆ ಮಗ್ಗುಲಿನಿಂದಲೇ. ಆದುದರಿಂದ ಚೆಂಡನ್ನು ಎಡಕ್ಕೂ ಬಲಕ್ಕೂ ಒಯ್ಯಬೇಕಾದರೆ ಎಡಗೈಯಿಂದ ಕೋಲನ್ನು ಅದರ ಉದ್ದನೆಯ ಅಕ್ಷದ ಸುತ್ತ ಕ್ಷಣಕ್ಷಣಕ್ಕೂ ಹೊರಳಿಸುತ್ತಿರಬೇಕು. ಈ ಹೊರಳುವಿಕೆಗೆ ಹಿಡಿಯ ತೂಕ ಲೆಕ್ಕಕ್ಕೇ ಬರುವುದಿಲ್ಲ, ಅದು ಅಕ್ಷದ ಮೇಲೆಯೇ ಇದೆ. ಅಡ್ಡಿಯಾಗುವುದು ಅಕ್ಷದಿಂದ ಹೊರಕ್ಕೆ ಚಾಚಿದ ತಲೆಯ ಮೂತಿ. ಹಿಂದಿನ ಇಂಗ್ಲಿಷ್ ಕೋಲುಗಳ ಮೂತಿ ನೀಳವಾಗಿತ್ತು. ಅದನ್ನು ಮೊಟಕು ಮಾಡಿ, ಬಾಗನ್ನು ಬಿಗಿಮಾಡಿದವರು ಭಾರತೀಯರು. ದೂರದ ವರ್ಗದ ನಿಯಮ ಇಲ್ಲಿಯೂ ಅದೇ: ಮೂತಿಯ ತುದಿಯಿಂದ ಕಳೆದ ಕೆಲವೇ ಗ್ರಾಮುಗಳು ಮಣಿಕಟ್ಟಿಗೆ ಕೊಡುವ ಬಿಡುಗಡೆ ದೊಡ್ಡದು. 1928ರ ಆಮ್‌ಸ್ಟರ್‌ಡಾಂನಿಂದ 1956ರ ಮೆಲ್ಬರ್ನ್‌ವರೆಗೆ ಒಲಿಂಪಿಕ್ ಚಿನ್ನವನ್ನು ಒಮ್ಮೆಯೂ ಬಿಟ್ಟುಕೊಡದ ತಂಡಗಳ ಕೈಚಳಕವನ್ನು ಹೊಗಳುವಾಗ ಕೋಲನ್ನು ಕಡೆದ ಬಡಗಿಗಳನ್ನೂ ನೆನೆಯಬೇಕು. ದೇಶವಿಭಜನೆಯಾದಾಗ ಸಿಯಾಲ್ಕೋಟಿನಿಂದ ಬಂದ ಕುಶಲಕರ್ಮಿಗಳು ಜಲಂಧರ, ಮೀರತ್ತುಗಳಲ್ಲಿ ನೆಲೆನಿಂತು ಈ ಉದ್ಯಮವನ್ನು ಬೆಳೆಸಿದರು. ತಲೆಗೆ ಹಿಪ್ಪುನೇರಳೆಯ ಮರ, ಹಿಡಿಗೆ ಸೀಳಿ ಅಂಟಿಸಿದ ಬೆತ್ತ. ರೇಷ್ಮೆಹುಳುವಿನ ಮೇವೆಂದೇ ಕನ್ನಡಿಗರು ಬಲ್ಲ ಈ ಗಿಡ ಉತ್ತರದಲ್ಲಿ ಮರವಾಗಿ ಬೆಳೆದು, ಬಗ್ಗಿಸಿದರೂ ಸೀಳದ ಗಟ್ಟಿ ನಾರಿನ ದಿಮ್ಮಿಯನ್ನು ಕೊಡುತ್ತದೆ.

ಮರದ ಕೋಲು ಋತುವಿನೊಂದಿಗೆ ತೂಕ ಬದಲಿಸುತ್ತದೆಂಬುದನ್ನು ಬೀದರ ಸೀಮೆಯವರು ವಿಶೇಷವಾಗಿ ಗಮನಿಸಬೇಕು. ವೈಶಾಖದ ಒಣ ಬಿಸಿಲಿನಲ್ಲಿ ಮರ ತೇವವನ್ನು ಬಿಟ್ಟುಕೊಡುತ್ತದೆ, ಶ್ರಾವಣದ ಜಡಿಯಲ್ಲಿ ಹೀರಿಕೊಳ್ಳುತ್ತದೆ. ತೇವಾಂಶ ನೂರಕ್ಕೆ ಐದರಷ್ಟು ವ್ಯತ್ಯಾಸವಾದರೂ ಕೋಲಿನ ತೂಕದಲ್ಲಿ 25 ಗ್ರಾಮಿನಷ್ಟು ಏರಿಳಿತ ಕಂಡೀತು. ನಾವು ಕಷ್ಟಪಟ್ಟು ಸುತ್ತಿದ ಪಟ್ಟಿಗಿಂತ ಅದು ಹೆಚ್ಚು. ತಲೆಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರುವ ಹಳೆಯ ಪದ್ಧತಿ ಈ ಏರಿಳಿತವನ್ನು ನಿಧಾನಗೊಳಿಸುವುದಕ್ಕಾಗಿಯೇ ಬಂದುದು. ನೆಲದ ಪ್ರಭಾವವೂ ಉಂಟು. ಬೀದರ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಆ ಕೆಂಪು ಗರಸಿನ ಮೈದಾನದಲ್ಲಿ ಕೋಲಿನ ತಲೆ ನೆಲಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. ಭಾಲ್ಕಿ, ಔರಾದುಗಳ ಎರೆಮಣ್ಣು ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಬಿರುಕು. ಮೇಲೆ ಮುರುಮು ಹಾಸದೆ ಅಲ್ಲಿ ಚೆಂಡು ಸರಿಯಾಗಿ ಓಡುವುದೇ ಇಲ್ಲ. ಹೀಗೆ ಸವೆದ ಒಂದೊಂದು ಗ್ರಾಮೂ ತಲೆಯ ತುದಿಯದೇ ಆದುದರಿಂದ ಹಳೆಯ ಕೋಲು ಕೈಗೆ ಹಗುರವಾಗುತ್ತ ಹೋಗುತ್ತದೆ, ಹೊಡೆತವೂ ಮೆತ್ತಗಾಗುತ್ತದೆ. ಸವೆತ ತಡೆಯಲೆಂದು ತಲೆಗೆ ಟೇಪು ಸುತ್ತುವವರು, ತಾವು ಭಾರ ಕೂಡಿಸುತ್ತಿರುವುದು ಅತ್ಯಂತ ದುಬಾರಿಯಾದ ಸ್ಥಾನದಲ್ಲಿ ಎಂಬುದನ್ನು ಮರೆಯದೆ ಒಂದು ಸುತ್ತಿನಲ್ಲಿಯೇ ನಿಲ್ಲಿಸುವುದು ಲೇಸು.

ಇಂದಿನ ದೊಡ್ಡ ಪಂದ್ಯಗಳ ಕೋಲುಗಳು ಕಾರ್ಬನ್, ಗಾಜಿನ ನಾರುಗಳಿಂದಾದುವು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನ ಹಾಕಿ ಕೃತಕ ಹಾಸಿನ ಮೇಲೆ ನಡೆದಂದಿನಿಂದ ಆಟದ ವೇಗವೇ ಬೇರೆಯಾಯಿತು. ಈ ನಾರಿನ ಕೋಲುಗಳ ಹಿಡಿ ಒಳಗೆ ಪೊಳ್ಳಾಗಿರುವುದರಿಂದ ಗ್ರಿಪ್ಪನ್ನು ಬಿಚ್ಚಿ, ಮೇಲ್ತುದಿಯ ಪೊಳ್ಳಿನಲ್ಲಿ ರಬ್ಬರನ್ನೋ ಸಿಲಿಕೋನನ್ನೋ ತುಂಬಿ ತೂಕವನ್ನು ಹೊಂದಿಸಬಹುದು. ದಪ್ಪನೆಯ ಗ್ರಿಪ್ಪೊಂದನ್ನು ಸುತ್ತಿದರೂ ಸ್ವಲ್ಪಮಟ್ಟಿಗೆ ಅದೇ ಫಲ. ನಾಣ್ಯ, ಸೀಸದ ಪಟ್ಟಿ ಮೊದಲಾದುವನ್ನು ಮಾತ್ರ ಸೇರಿಸಕೂಡದು: ಅಂತಾರಾಷ್ಟ್ರೀಯ ನಿಯಮ ಕೋಲಿನಲ್ಲಿ ಲೋಹವನ್ನು ಒಪ್ಪುವುದಿಲ್ಲ. ಒಟ್ಟು ತೂಕ 737 ಗ್ರಾಮನ್ನೂ ಉದ್ದ 105 ಸೆಂಟಿಮೀಟರನ್ನೂ ಮೀರಬಾರದು. ಸುತ್ತಿದ ಟೇಪು ಸಹಿತವಾಗಿ ಕೋಲು 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಬೇಕು. ಬಾಗು 25 ಮಿಲಿಮೀಟರಿಗಿಂತ ಹೆಚ್ಚಿರಕೂಡದು. ಈ ಮೇರೆಯೊಳಗೆ ಯಾರಿಗೆ ಯಾವುದು ತಕ್ಕುದು ಎಂಬುದನ್ನು ಅವರವರ ಕಾರ್ಯವೇ ನಿರ್ಣಯಿಸುತ್ತದೆ. ಕೊಡಗಿನ ವಿ. ಆರ್. ರಘುನಾಥರಂತೆ ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಎಳೆದು ಎಸೆಯುವವರಿಗೆ ಬೇಕಾದ ಗುಣ ಬೇರೆ, ಸೋಮವಾರಪೇಟೆಯ ಎಸ್. ವಿ. ಸುನಿಲರಂತೆ ಮಿಂಚಿನ ಓಟದಲ್ಲಿ ಚೆಂಡನ್ನೊಯ್ಯುವ ಮುಂಪಡೆಯವರಿಗೆ ಬೇಕಾದುದು ಬೇರೆ.

ನನಗೆ ಹೆಚ್ಚಿನ ಕಾಳಜಿಯಿರುವುದು ನಮ್ಮ ಸಣ್ಣ ಊರುಗಳ ಮಕ್ಕಳ ವಿಷಯದಲ್ಲಿ. ದೊಡ್ಡವರು ಬಿಟ್ಟ ಕೋಲೇ ಅವರ ಪಾಲಿಗೆ ಬರುವುದು ಸಾಮಾನ್ಯ. ಅಂಥ ಮರದ ಕೋಲನ್ನು ಮೇಲ್ತುದಿಯಿಂದ 5 ಸೆಂಟಿಮೀಟರ್ ಗರಗಸದಿಂದ ಕೊಯ್ದರೆ 30 ಗ್ರಾಮಿನಷ್ಟು ಹೋದೀತು. ಗುರುತ್ವಕೇಂದ್ರ ತಲೆಯ ಕಡೆಗೆ 3 ಸೆಂಟಿಮೀಟರ್ ಸರಿದುದನ್ನು ಕಂಡು, ಕೋಲು ಕೆಟ್ಟಿತು, ಮುಂದೆ ಜಡವಾಯಿತು ಎಂದು ತೀರ್ಪು ಕೊಡುವವರಿದ್ದಾರೆ. ಆದರೆ ಎಡಗೈಯೂ 5 ಸೆಂಟಿಮೀಟರ್ ಕೆಳಕ್ಕೆ ಬಂದಿರುತ್ತದಾದುದರಿಂದ ಅದರ ಮೇಲಿನ ತಿರುಚು ಬಲ ನೂರಕ್ಕೆ ಹತ್ತರ ಸಮೀಪ ಇಳಿದಿರುತ್ತದೆ. ಕೊಯ್ದ ಬಾಯಿಗೆ ನೀರು ಇಳಿಯದಂತೆ ಅಂಟು ಸವರಿ, ಒಣಗಿದ ಮೇಲೆ ಗ್ರಿಪ್ಪನ್ನು ಮೇಲಿನಿಂದ ಬಿಗಿಯಾಗಿ ಸುತ್ತಿ, ಮೊಳೆಯನ್ನು ಹೊಸ ತುದಿಯಿಂದ 10 ಸೆಂಟಿಮೀಟರ್ ಕೆಳಗೆ ಮತ್ತೊಮ್ಮೆ ಕಟ್ಟಿ ತೂಗಬಿಟ್ಟು ನೋಡಬೇಕು. ಮೊದಲು ಸರಿಹೊಂದಿಸಿದ್ದ ಕಲ್ಲಿನ ದಾರವನ್ನು ಈಗ ಎಷ್ಟು ಗಿಡ್ಡ ಮಾಡಬೇಕಾಗುತ್ತದೆ ಎಂಬುದನ್ನು ಆ ಹುಡುಗನ ಕೈಯಿಂದಲೇ ಅಳೆಯಿಸಬೇಕು.