ಆಂಬುಲೆನ್ಸಿನೊಳಗಿನ ಕೆಲಸಕ್ಕೂ ಒಂದು ಪದವಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಲ್ಲಿ ಒಂದು ಚಿಂತೆ ಶುರುವಾಗುತ್ತದೆ. ಎಂ.ಬಿ.ಬಿ.ಎಸ್. ಸೀಟು ದೂರದ ಮಾತು. ನರ್ಸಿಂಗ್ ಬೇಡವೆನ್ನುತ್ತಾಳೆ ಮಗಳು. 'ಹಾಗಾದರೆ ಪ್ಯಾರಾಮೆಡಿಕಲ್‌ಗೆ ಸೇರಿಸಿಬಿಡಿ' ಎನ್ನುತ್ತಾರೆ ನೆಂಟರು. ಸರಿ, ಆದರೆ ಯಾವ ಪ್ಯಾರಾಮೆಡಿಕಲ್? ನಮ್ಮಲ್ಲಿ ರಕ್ತ ಪರೀಕ್ಷೆ ಮಾಡುವವರು, ಎಕ್ಸ್‌-ರೇ ತೆಗೆಯುವವರು, ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವರು, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನೆರವಾಗುವವರು ಎಲ್ಲರೂ ಈ ಒಂದೇ ಪದದಡಿ ಬರುತ್ತಾರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ 'ಪ್ಯಾರಾಮೆಡಿಕ್' ಎಂದರೆ ಆಂಬುಲೆನ್ಸಿನಲ್ಲಿ ಬಂದು, ರೋಗಿ ಬಿದ್ದಲ್ಲಿಯೇ ಚಿಕಿತ್ಸೆ ಆರಂಭಿಸುವವರು. ಈ ವಾರ ಹೇಳಹೊರಟಿರುವುದು ಇವರ ಓದಿನ ವಿಚಾರ. ಅರ್ಜಿ ತುಂಬುವ ಮೊದಲು ಈ ವ್ಯತ್ಯಾಸ ತಿಳಿಯದಿದ್ದರೆ, ಆಂಬುಲೆನ್ಸ್ ಕೆಲಸ ಬಯಸಿದ ಹುಡುಗಿ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿರಬೇಕಾಗುತ್ತದೆ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನೇ ತೆಗೆದುಕೊಳ್ಳಿ. ದೇವರ ವಿಗ್ರಹಗಳನ್ನು ಕಡೆಯುವ ಶಿಲ್ಪಿಗಳ ಊರು. ಉಳಿ, ಸುತ್ತಿಗೆಗಳ ಜೊತೆಗೆ ಈಗ ಕಲ್ಲು ಕೊಯ್ಯುವ, ಉಜ್ಜುವ ವಿದ್ಯುತ್ ಯಂತ್ರಗಳೂ ಇವೆ. ಅರ್ಧ ಕೆತ್ತಿದ ವಿಗ್ರಹ ಜಾರಿ ಕಾಲಿನ ಮೇಲೆ ಬಿದ್ದಿತು, ಇಲ್ಲವೇ ಯಂತ್ರದ ಬ್ಲೇಡು ಮುಂಗೈಯನ್ನು ಸೀಳಿತು ಎಂದಿಟ್ಟುಕೊಳ್ಳಿ. 108ಕ್ಕೆ ಫೋನು ಹೋಗುತ್ತದೆ. ವಾಹನ ಬಂದಾಗ ಇಳಿಯುವವರು ಇಬ್ಬರು: 'ಪೈಲಟ್' ಎಂದು ಕರೆಯುವ ಚಾಲಕ ಮತ್ತು ತುರ್ತು ವೈದ್ಯಕೀಯ ತಂತ್ರಜ್ಞ, ಅಂದರೆ ಇ.ಎಂ.ಟಿ. ಗಾಡಿಯಲ್ಲಿ ವೈದ್ಯರಿರುವುದಿಲ್ಲ; ಬೇಕಾದಾಗ ಕರೆ ಕೇಂದ್ರದ ವೈದ್ಯರು ಫೋನಿನಲ್ಲಿ ಸಲಹೆ ಕೊಡುತ್ತಾರೆ. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನಿರ್ಧರಿಸಬೇಕಾದವರು ಆ ಇ.ಎಂ.ಟಿ.ಯೇ.

ಆ ನಿರ್ಧಾರ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಉದಾಹರಣೆ. ವರ್ಷಗಟ್ಟಲೆ ಕಲ್ಲಿನ ದೂಳು ಕುಡಿದ ಹಿರಿಯರೊಬ್ಬರಿಗೆ ನಡುರಾತ್ರಿ ಉಸಿರು ಕಟ್ಟುತ್ತದೆ. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ಗಾಯದ ಕಲೆಗಳನ್ನುಂಟುಮಾಡುವ ಸಿಲಿಕೋಸಿಸ್ ಇರಬಹುದು. ಇಂಥವರಿಗೆ ಕ್ಷಯ ತಗುಲುವ ಸಂಭವವೂ ಹೆಚ್ಚು. ಇಲ್ಲವೇ ಆಸ್ತಮಾ ಇರಬಹುದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿರಲೂಬಹುದು. ಮನೆಯವರಿಗೆ ಎಲ್ಲವೂ 'ದಮ್ಮು'. ಗಾಬರಿಯಿಂದ ಅವರನ್ನು ಮಲಗಿಸಿಬಿಟ್ಟರೆ, ನೀರು ತುಂಬಿದ ಶ್ವಾಸಕೋಶದವರಿಗೆ ಉಸಿರು ಮತ್ತಷ್ಟು ಕಷ್ಟವಾಗುತ್ತದೆ, ಅವರನ್ನು ಕೂರಿಸಬೇಕು. ಆಮ್ಲಜನಕವಾದರೂ ಎಲ್ಲರಿಗೂ ಒಂದೇ ಅಳತೆಯಲ್ಲ. ದೀರ್ಘಕಾಲದಿಂದ ಶ್ವಾಸನಾಳಗಳು ಕಿರಿದಾಗಿರುವ ಸಿ.ಒ.ಪಿ.ಡಿ. ರೋಗಿಗಳಲ್ಲಿ ರಕ್ತದ ಆಮ್ಲಜನಕವನ್ನು ಸಾಮಾನ್ಯವಾಗಿ ಶೇಕಡಾ 88ರಿಂದ 92ರ ನಡುವೆ ಇಡುತ್ತಾರೆ. ಅತಿಯಾಗಿ ಕೊಟ್ಟರೆ ಕೆಲವರಲ್ಲಿ ಇಂಗಾಲಾಮ್ಲ ಶೇಖರವಾಗಿ ರೋಗಿ ಮಂಪರಿಗೆ ಜಾರುತ್ತಾರೆ. ಮಾಸ್ಕು ಮುಖಕ್ಕಿಡಲು ಯಾರಿಗಾದರೂ ಒಂದು ದಿನದಲ್ಲಿ ಕಲಿಸಬಹುದು. ಎಷ್ಟು, ಯಾರಿಗೆ ಎಂಬುದನ್ನು ಕಲಿಯಲು ವರ್ಷಗಳು ಬೇಕು.

ಕರ್ನಾಟಕದಲ್ಲಿ 108ರ 'ಆರೋಗ್ಯ ಕವಚ' ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಆಗ ಈ ಕೆಲಸಕ್ಕೆಂದೇ ಪದವಿ ಪಡೆದವರು ಕೈಬೆರಳೆಣಿಕೆಯಷ್ಟೂ ಸಿಗುವಂತಿರಲಿಲ್ಲ. ಬಹುಮಟ್ಟಿಗೆ ನರ್ಸಿಂಗ್ ಅಥವಾ ವಿಜ್ಞಾನ ಓದಿದವರಿಗೇ ಅಲ್ಪಾವಧಿಯ ತರಬೇತಿ ಕೊಟ್ಟು ಗಾಡಿ ಹತ್ತಿಸಲಾಯಿತು. ಅವರು ಉಳಿಸಿದ ಜೀವಗಳು ಕಡಿಮೆಯೇನಲ್ಲ. ಹಾಗೆ ನೋಡಿದರೆ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1967ರಲ್ಲಿ ಆರಂಭವಾದ 'ಫ್ರೀಡಂ ಹೌಸ್' ಆಂಬುಲೆನ್ಸ್ ಸೇವೆಯಲ್ಲಿ ಕೆಲಸಕ್ಕೆ ಸೇರಿದವರೂ ಕೆಲಸವಿಲ್ಲದೆ ಕುಳಿತಿದ್ದ ಬಡ ಬಡಾವಣೆಯ ಕಪ್ಪು ಯುವಕರು. ಡಾ. ಪೀಟರ್ ಸಾಫರ್ ಅವರಿಗಾಗಿ ರೂಪಿಸಿದ ಕಠಿಣ ತರಬೇತಿಯೇ ಮುಂದೆ ಆ ದೇಶದ ಪ್ಯಾರಾಮೆಡಿಕ್‌ಗಳ ಶಿಕ್ಷಣಕ್ಕೆ ಮಾದರಿಯಾಯಿತು.

ಈಗ ನಮ್ಮಲ್ಲೂ ಪದವಿ ಇದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಲೈಡ್ ಹೆಲ್ತ್ ಸೈನ್ಸಸ್ ಕೋರ್ಸುಗಳಲ್ಲಿ 'ಬಿ.ಎಸ್ಸಿ. ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ' ಎಂಬುದು ಒಂದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಇಂಟರ್ನ್‌ಷಿಪ್ ಸೇರಿ ನಾಲ್ಕು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಕೋಲಾರದ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಇಂದು ಪರಿಗಣಿತ ವಿಶ್ವವಿದ್ಯಾಲಯದ ಭಾಗ; ಅಲ್ಲಿಯೂ ಅಲೈಡ್ ಹೆಲ್ತ್ ಸೈನ್ಸಸ್ ಪದವಿಗಳಿವೆ. ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾಗಳು ಬೇರೆ, ಈ ಪದವಿ ಬೇರೆ. ಎರಡನ್ನೂ ಒಂದೇ ಎಂದು ಹೇಳುವವರ ಮಾತು ನಂಬಬೇಡಿ.

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಮುಂತಾದವು. ಹೆಚ್ಚಿನ ಮಾತು ಬೇಡ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಎಡವುವುದು ಇಲ್ಲೇ, ಬುದ್ಧಿ ಸಾಲದೆ ಅಲ್ಲ, ಇಂಗ್ಲಿಷ್ ಪಾರಿಭಾಷಿಕ ಪದಗಳ ರಾಶಿಗೆ ಹೆದರಿ. ಆರು ತಿಂಗಳು ಹಲ್ಲು ಕಚ್ಚಿ ಕೂತರೆ ದಾಟಬಹುದು. ನಂತರ ನಿಜವಾದ ವಿದ್ಯೆ ಶುರು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ತೋಳು ಸೋತರೂ ಲಯ ತಪ್ಪದಂತೆ ಒತ್ತುವುದು. ಪ್ರಜ್ಞೆ ತಪ್ಪಿದವರ ತಲೆಯನ್ನು ಹಿಂದಕ್ಕೆ ಬಾಗಿಸಿ ಶ್ವಾಸದ ದಾರಿ ತೆರೆಯುವುದು. ಹೆದ್ದಾರಿ ಅಪಘಾತದಲ್ಲಿ ಕುತ್ತಿಗೆಗೆ ಪೆಟ್ಟಾಗಿರಬಹುದೆಂಬ ಅನುಮಾನವಿದ್ದರೆ ಹಾಗೆ ಬಾಗಿಸದೆ ಕೆಳದವಡೆಯನ್ನಷ್ಟೇ ಮುಂದಕ್ಕೆತ್ತುವುದು. ನಮ್ಮ ಟೊಮೆಟೊ, ಮಾವಿನ ಸೀಮೆಯಲ್ಲಿ ಕೀಟನಾಶಕದ ವಿಷಪ್ರಾಶನವನ್ನು ಗುರುತಿಸಲು ಬರಲೇಬೇಕು. ಆರ್ಗನೊಫಾಸ್ಫರಸ್ ಗುಂಪಿನ ವಿಷವಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಇಲ್ಲಿ ಅಪಾಯಕಾರಿ. ಬಟ್ಟೆ ಕಳಚಿ ಮೈ ತೊಳೆಯಬೇಕು, ವೈದ್ಯರ ಸೂಚನೆಯಂತೆ ಅಟ್ರೋಪಿನ್ ಬೇಗ ಸಿಗಬೇಕು. ದಾರಿಯಲ್ಲೇ ಹೆರಿಗೆಯಾದರೆ ತಾಯಿ-ಮಗು ಇಬ್ಬರನ್ನೂ ಕಾಯುವುದನ್ನೂ ಕಲಿಸುತ್ತಾರೆ.

ಇವೆಲ್ಲ ಕೈಗೆ ಹತ್ತಬೇಕಾದ ವಿದ್ಯೆಗಳು. ಆದ್ದರಿಂದ ಕಾಲೇಜು ನೋಡಲು ಹೋದಾಗ ಕಟ್ಟಡದ ಗಾಜು, ಬಣ್ಣದ ಪುಸ್ತಿಕೆ ನೋಡಿ ಮರುಳಾಗಬೇಡಿ. ವಿದ್ಯಾರ್ಥಿಗಳನ್ನು ಅಪಘಾತ ವಿಭಾಗಕ್ಕೆ ವಾರಕ್ಕೆ ಎಷ್ಟು ದಿನ ಕಳಿಸುತ್ತೀರಿ, ಆ ಆಸ್ಪತ್ರೆಗೆ ರಾತ್ರಿ ಎಷ್ಟು ರೋಗಿಗಳು ಬರುತ್ತಾರೆ, ಆಂಬುಲೆನ್ಸಿನಲ್ಲಿ ಕೂರಿಸುತ್ತೀರಾ ಎಂದು ಕೇಳಿ. ಆ ವರ್ಷ, ಆ ಕೋರ್ಸಿಗೇ ವಿಶ್ವವಿದ್ಯಾಲಯ ಕೊಟ್ಟ ಮಾನ್ಯತಾ ಪತ್ರ ತೋರಿಸಲು ಹೇಳಿ. ಕಾಲೇಜಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಎಲ್ಲ ಕೋರ್ಸಿಗೂ ಇದೆಯೆಂದಲ್ಲ. ಜಮೀನು ಅಡವಿಟ್ಟು ಶುಲ್ಕ ಕಟ್ಟುವವರಿಗೆ ಹೀಗೆ ಕೇಳುವ ಹಕ್ಕಿದೆ, ಸಂಕೋಚ ಬೇಡ. 2021ರ ಕೇಂದ್ರ ಕಾಯ್ದೆಯೊಂದು ಇಂಥ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ಮತ್ತು ನೋಂದಣಿಯ ವ್ಯವಸ್ಥೆ ಮಾಡಿದ್ದು, ಅದರ ಪಟ್ಟಿಯಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞರ ಹೆಸರೂ ಇದೆ. ಮಾನ್ಯತೆಯಿಲ್ಲದ ಪದವಿ ಪತ್ರ ಮುಂದೆ ನೋಂದಣಿಯ ಬಾಗಿಲಲ್ಲೇ ನಿಂತುಬಿಡಬಹುದು.

ಸಂಬಳದ ವಿಷಯ ಮುಚ್ಚಿಡಬಾರದು. ಆರಂಭದಲ್ಲಿ ಅದು ದೊಡ್ಡದಲ್ಲ. ಪಾಳಿಯ ಕೆಲಸ, ಹಬ್ಬದ ದಿನವೂ ರಜೆ ಖಾತ್ರಿಯಿಲ್ಲ. ದೊಡ್ಡ ಆಸ್ಪತ್ರೆಗಳ ತುರ್ತು ಘಟಕ, ಕಾರ್ಖಾನೆಗಳ ಆರೋಗ್ಯ ಕೇಂದ್ರಗಳಲ್ಲೂ ಅವಕಾಶಗಳುಂಟು. ವಿದೇಶದ ಆಸೆ ತೋರಿಸುವ ಏಜೆಂಟರು ಬಂದರೆ, ಆಯಾ ದೇಶದಲ್ಲಿ ಕೆಲಸ ಮಾಡಲು ಅಲ್ಲಿಯ ನೋಂದಣಿ ಬೇರೆಯೇ ಬೇಕೆಂಬುದು ನೆನಪಿರಲಿ. ಇನ್ನೊಂದು ಮಾತು: ಈ ಪದವಿ ಪಡೆದವರು ವೈದ್ಯರಲ್ಲ, ಊರಿಗೆ ಬಂದು ಬೋರ್ಡು ಹಾಕಿ ಇಂಜೆಕ್ಷನ್ ಕೊಡುವಂತಿಲ್ಲ.

'ಹೆಣ್ಣುಮಗಳು ರಾತ್ರಿ ಹೊತ್ತು ಆಂಬುಲೆನ್ಸಿನಲ್ಲಿ ಓಡಾಡುವುದೇ?' ಎಂದು ಅಜ್ಜಿ ಕೇಳಿಯೇ ಕೇಳುತ್ತಾರೆ. ಹೆರಿಗೆ ನೋವು ಬಂದ ಹೆಣ್ಣಿಗೆ ಗಾಡಿಯೊಳಗೆ ಇನ್ನೊಬ್ಬ ಹೆಣ್ಣು ಜೊತೆಗಿದ್ದರೆ ಎಷ್ಟು ಧೈರ್ಯವೆಂಬುದು ಆ ಅಜ್ಜಿಗೇ ಚೆನ್ನಾಗಿ ಗೊತ್ತಿರುತ್ತದೆ. ಸ್ಟ್ರೆಚರ್ ಎತ್ತುವ ಶಕ್ತಿ ಬೇಕು, ನಿಜ. ಅದನ್ನು ಬೆನ್ನು ನೋಯದಂತೆ ಎತ್ತುವ ಕ್ರಮವನ್ನೂ ಈ ಓದಿನಲ್ಲೇ ಹೇಳಿಕೊಡುತ್ತಾರೆ.